ಅದಕ್ಕೆ ಏನು ಹಾಕಿದ್ರಿ?

ನನ್ನ ಫೋನಿನಲ್ಲಿ ಒಂದು ಫೋಟೋ ಇದೆ. ಹೊನ್ನಾವರದ ಹತ್ತಿರದ ಕಾಸರಕೋಡು ತೀರದಲ್ಲಿ ತೆಗೆದದ್ದು. ಮರಳಿನ ಮೇಲೆ ಚಾಚಿಕೊಂಡ ನನ್ನ ಕಾಲು. ಹೆಬ್ಬೆರಳಿನಿಂದ ಒಂದು ಗೇಣು ದೂರದಲ್ಲಿ ಒಂದು ಏಡಿ. ಎರಡೂ ಕಣ್ಣನ್ನು ಕಡ್ಡಿಯ ಹಾಗೆ ಮೇಲಕ್ಕೆತ್ತಿ ನನ್ನನ್ನೇ ನೋಡುತ್ತಿದೆ.

ದಾವಣಗೆರೆಯಲ್ಲಿ ಈ ಫೋಟೋ ನೋಡಿದವರೆಲ್ಲ ಕೇಳುವುದು ಒಂದೇ ಮಾತು. "ಅದಕ್ಕೆ ಏನು ಹಾಕಿದ್ರಿ?" ಕುಂದುವಾಡ ಕೆರೆ ಏರಿಯ ಮೇಲೆ ಬೆಳಿಗ್ಗೆ ವಾಕಿಂಗ್‌ನಲ್ಲಿ ಸಿಗುವವರು ಕೇಳುತ್ತಾರೆ. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತವರು ಕೇಳುತ್ತಾರೆ. ಡಾಲ್ಫಿನ್ ಫೋಟೋ ತೋರಿಸಿದರೂ ಅದೇ, ನೀರುನಾಯಿ ಫೋಟೋ ತೋರಿಸಿದರೂ ಅದೇ. ತಿನ್ನೋಕೆ ಏನಾದ್ರೂ ಕೊಡದೆ ಪ್ರಾಣಿ ಹತ್ರ ಬರುತ್ತಾ ಅನ್ನುವುದು ಎಲ್ಲರ ಅನುಮಾನ.

ಬರುತ್ತೆ. ನಾನು ಏನೂ ಹಾಕಿಲ್ಲ. ಸುಮ್ನೆ ಕೂತಿದ್ದೆ, ಅಷ್ಟೇ.

ಆ ಏಡಿಯ ಕತೆಯನ್ನೇ ಹೇಳುತ್ತೇನೆ. ಮರಳಿನ ಬಣ್ಣದ್ದೇ ಏಡಿ ಅದು, ಓಡದಿದ್ದರೆ ಕಣ್ಣಿಗೇ ಬೀಳುವುದಿಲ್ಲ. ತೀರದಲ್ಲಿ ಬಿಲ ತೋಡಿಕೊಂಡು ಇರುತ್ತದೆ. ನಾವು ನಡೆದು ಬಂದರೆ ನೆಲ ಅದುರುವುದು ಅದಕ್ಕೆ ಗೊತ್ತಾಗುತ್ತದೆ, ಅಡ್ಡಡ್ಡ ಓಡಿ ಬಿಲ ಸೇರುತ್ತದೆ. ಅವತ್ತು ಸಂಜೆ ನಾನು ಬಿಲದಿಂದ ನಾಲ್ಕು ಮೊಳ ದೂರ ಕೂತೆ. ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ಬಿಲದ ಬಾಯಲ್ಲಿ ಎರಡು ಕಣ್ಣು ಕಂಡವು. ಮತ್ತೆ ಒಳಗೆ. ಸ್ವಲ್ಪ ಹೊತ್ತಿಗೆ ತೋಳಿನ ತುಂಬ ಒದ್ದೆ ಮರಳು ತಬ್ಬಿಕೊಂಡು ಬಂತು, ಎಸೆಯಿತು, ನನ್ನ ಕಡೆ ನೋಡಿತು, ಒಳಗೆ ಹೋಯಿತು. ಹೀಗೆ ಏಳೆಂಟು ಸಲ. ಪ್ರತಿ ಸಲವೂ ಮೊದಲಿಗಿಂತ ಒಂದು ಚೂರು ಜಾಸ್ತಿ ಹೊತ್ತು ಹೊರಗೆ ನಿಲ್ಲುತ್ತಿತ್ತು.

ಕೊನೆಗೆ ಮರಳು ತರುವುದನ್ನೇ ಬಿಟ್ಟಿತು. ನಾಲ್ಕು ಹೆಜ್ಜೆ ಓಡಿ ಬಂದು ನಿಂತಿತು. ಒಂದು ಕಣ್ಣನ್ನು ಮಡಚಿ ಗೂಡಿನೊಳಗೆ ಇಳಿಸಿ, ಒರೆಸಿದ ಹಾಗೆ ಮಾಡಿ, ಮತ್ತೆ ಎತ್ತಿ ನಿಲ್ಲಿಸಿತು. ಇನ್ನೊಂದು ಕಣ್ಣು ಅಷ್ಟೂ ಹೊತ್ತು ನನ್ನ ಮೇಲೇ. ಇನ್ನೂ ನಾಲ್ಕು ಹೆಜ್ಜೆ. ಪಕ್ಕದಲ್ಲಿ ಬಿಟ್ಟಿದ್ದ ಚಪ್ಪಲಿಯ ಅಂಚನ್ನು ದೊಡ್ಡ ಕೊಂಡಿಯಿಂದ ಒಮ್ಮೆ ಹಿಡಿದು ಬಿಟ್ಟಿತು. ಇದು ತಿನ್ನೋ ವಸ್ತು ಅಲ್ಲ ಅಂತ ಗೊತ್ತಾಗಿರಬೇಕು. ಆದರೂ ಹೋಗಲಿಲ್ಲ. ಫೋಟೋ ತೆಗೆದದ್ದು ಆವಾಗ.

ಹೊಟ್ಟೆಗಾಗಿ ಬಂದಿದ್ದರೆ ಚಪ್ಪಲಿ ಹಿಡಿದು ನೋಡಿದ ಮೇಲೆ ವಾಪಸ್ ಹೋಗುತ್ತಿತ್ತು ಅಲ್ವಾ? ಅದು ಬಂದದ್ದು ನೋಡೋಕೆ. ನಮ್ಮ ಹಾಗೇ.

ಏನಾದರೂ ಹಾಕಿದರೆ ಏನಾಗುತ್ತದೆ ಅನ್ನುವುದೂ ನನಗೆ ಗೊತ್ತು. ಅದನ್ನು ಕಲಿತದ್ದು ಚಿತ್ರದುರ್ಗದ ಕೋಟೆಯಲ್ಲಿ. ಶಾಲೆಯಲ್ಲಿದ್ದಾಗ ಅಪ್ಪನ ಜೊತೆ ಹೋಗಿದ್ದೆ. ಏಕನಾಥೇಶ್ವರಿ ಗುಡಿಯ ಕಡೆ ಹತ್ತುವಾಗ ಒಂದು ಮಂಗಕ್ಕೆ ಶೇಂಗಾ ಕೊಟ್ಟೆ. ಅಂಗೈ ಮೇಲಿಂದಲೇ ತಗೊಂಡಿತು. ಅದರ ಬೆರಳು ತಣ್ಣಗೆ, ಒಣಗಿದ ಎಲೆಯ ಹಾಗಿತ್ತು. ನನಗೆ ಆದ ಸಂತೋಷ ಹೇಳತೀರದು. ಸ್ವಲ್ಪ ಹೊತ್ತಿಗೆ ನಮ್ಮ ಹಿಂದೆ ಬರುತ್ತಿದ್ದ ಒಬ್ಬ ಅಜ್ಜಿಯ ಕೈಚೀಲಕ್ಕೆ ಅದೇ ಮಂಗ ಹಾರಿತು. ಅಜ್ಜಿ ಕಲ್ಲಿನ ಮೇಲೆ ಬಿದ್ದರು, ಮೊಣಕೈ ತರಚಿ ರಕ್ತ ಬಂತು. ಯಾರೋ ಕೋಲು ತಂದು ಮಂಗಕ್ಕೆ ಬಾರಿಸಿದರು. ಶೇಂಗಾ ಕೊಟ್ಟವನು ನಾನು ಅಂತ ಯಾರಿಗೂ ಹೇಳಲಿಲ್ಲ. ಇವತ್ತು ಹೇಳುತ್ತಿದ್ದೇನೆ.

ತಿಂಡಿ ಕೊಟ್ಟರೆ ಪ್ರಾಣಿ ನಮ್ಮ ಮುಖ ನೋಡುವುದಿಲ್ಲ, ಕೈ ನೋಡುತ್ತದೆ. ಕೊಡದಿದ್ದರೆ ಕಿತ್ತುಕೊಳ್ಳುತ್ತದೆ. ಆಮೇಲೆ ಏಟು ತಿನ್ನುವುದೂ ಅದೇ.

ಹೊನ್ನಾವರದಲ್ಲೇ ಶರಾವತಿ ಹಿನ್ನೀರಿನ ಕಾಂಡ್ಲಾ ಕಾಡಿನೊಳಗೆ, ಅಂದರೆ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಮ್ಯಾಂಗ್ರೋವ್ ಮರಗಳ ಕಾಡಿನೊಳಗೆ, ಮರದ ಹಲಗೆಯ ದಾರಿ ಮಾಡಿದ್ದಾರೆ. ಹೋದವರು ಸೆಲ್ಫಿ ತಗೊಂಡು ಹತ್ತು ನಿಮಿಷಕ್ಕೆ ವಾಪಸ್ ಬಂದುಬಿಡುತ್ತಾರೆ. ನನ್ನ ಮಾತು ಕೇಳಿ, ನೀರು ಇಳಿದ ಹೊತ್ತಿನಲ್ಲಿ ಹೋಗಿ, ಒಂದು ಕಡೆ ನಿಂತು ಕೆಳಗಿನ ಕೆಸರು ನೋಡಿ. ಬೆರಳುದ್ದದ ಮೀನುಗಳು ನೀರು ಬಿಟ್ಟು ಕೆಸರಿನ ಮೇಲೆ ತೆವಳಾಡುತ್ತಿರುತ್ತವೆ. ಮಡ್‌ಸ್ಕಿಪ್ಪರ್ ಅಂತಾರೆ. ಮುಂದಿನ ಈಜುರೆಕ್ಕೆಯನ್ನೇ ಊರಿಕೊಂಡು ನಡೆಯುತ್ತವೆ. ಕಿವಿರಿನ ಗೂಡಿನಲ್ಲಿ ನೀರು ಹಿಡಿದಿಟ್ಟುಕೊಂಡು, ಒದ್ದೆ ಚರ್ಮದಿಂದಲೂ ಉಸಿರಾಡುತ್ತವೆ. ಕಣ್ಣು ನೆತ್ತಿಯ ಮೇಲೆ. ಅದನ್ನು ಆಗಾಗ ಒಳಗೆಳೆದು ಒದ್ದೆ ಮಾಡಿಕೊಳ್ಳುತ್ತವೆ, ಥೇಟ್ ರೆಪ್ಪೆ ಬಡಿದ ಹಾಗೆ. ಕಣ್ಣು ಮಿಟುಕಿಸುವ ಮೀನನ್ನು ನೋಡೋಕೆ ದಾವಣಗೆರೆಯಿಂದ 200 ಕಿಲೋಮೀಟರಿಗೂ ಜಾಸ್ತಿ ದೂರ ಬಸ್ಸಿನಲ್ಲಿ ಹೋಗಬೇಕು. ಹೋಗಬಹುದು ಅನ್ನುತ್ತೇನೆ ನಾನು.

ಡಾಲ್ಫಿನ್ ಕಂಡದ್ದು ಕಾರವಾರದಲ್ಲಿ. ಕಾಳಿ ನದಿ ಸಮುದ್ರ ಸೇರುವ ಆ ಕಡೆ, ದಡಕ್ಕೆ ಹತ್ತಿರದ ನೀರಿನಲ್ಲೇ ಬೆನ್ನು ಉಬ್ಬಿದ ಜಾತಿಯ ಡಾಲ್ಫಿನ್‌ಗಳಿವೆ. ಮೊದಲ ಸಲ ಹೋದ ದೋಣಿಯವರು ರೆಕ್ಕೆ ಕಂಡ ಕಡೆಗೆಲ್ಲ ಎಂಜಿನ್ ಜೋರು ಮಾಡಿ ಓಡಿಸಿದರು. ನಾವು ಹೋಗುವಷ್ಟರಲ್ಲಿ ಅವು ಇನ್ನೆಲ್ಲೋ. ಡಾಲ್ಫಿನ್ ದಾರಿ ಕಂಡುಕೊಳ್ಳುವುದು, ಮೀನು ಹುಡುಕುವುದು, ಒಂದನ್ನೊಂದು ಕೂಗುವುದು ಎಲ್ಲ ಶಬ್ದದಿಂದ. ಆ ಗದ್ದಲ ಅವಕ್ಕೆ ಹೇಗಿರಬೇಡ. ಎರಡನೇ ಸಲ ಸಿಕ್ಕ ದೋಣಿಯ ಹಿರಿಯರು ಎಂಜಿನ್ ಆಫ್ ಮಾಡಿ, "ಮಾತಾಡ್ಬೇಡಿ, ಕೂತ್ಕೊಳ್ಳಿ" ಅಂದರು. ಅಲೆಗೆ ದೋಣಿ ತೂಗುತ್ತಿತ್ತು. ಸುಮಾರು ಹೊತ್ತಾದ ಮೇಲೆ ಪಕ್ಕದಲ್ಲೇ ಫುಸ್ ಅಂತ ಉಸಿರು ಬಿಟ್ಟ ಸದ್ದು. ತಿರುಗಿದರೆ ಒಂದು ಡಾಲ್ಫಿನ್ ತಲೆಯನ್ನು ನೀರಿನಿಂದ ನೆಟ್ಟಗೆ ಹೊರಗಿಟ್ಟು ನಮ್ಮನ್ನು ನೋಡುತ್ತಿದೆ. ಚಿಕ್ಕ, ಕಪ್ಪು ಕಣ್ಣು. ಮೂರು ಸೆಕೆಂಡು ಇರಬಹುದು. ಅದರ ಫೋಟೋ ನನ್ನ ಹತ್ರ ಇಲ್ಲ. ನಾನು ಎಲ್ಲರಿಗೂ ತೋರಿಸುವುದು ಆಮೇಲೆ ತೆಗೆದ ಬೆನ್ನಿನ ಫೋಟೋ.

ಎಲ್ಲಾ ಪ್ರಾಣಿಗೂ ನಮ್ಮ ಮೇಲೆ ಕುತೂಹಲ ಇರುತ್ತೆ ಅಂತ ಅಂದುಕೊಳ್ಳಬೇಡಿ. ಕಡಲಾಮೆಗೆ ನಾವು ಬೇಕಿಲ್ಲ. ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲೆ ಆಮೆಗಳು ಕಾಸರಕೋಡಿನ ಟೊಂಕದ ತೀರಕ್ಕೆ ಮೊಟ್ಟೆ ಇಡಲು ಬರುತ್ತವೆ. ಒಂದು ಗುಂಡಿಯಲ್ಲಿ 100ರ ಆಸುಪಾಸು ಮೊಟ್ಟೆ. ಹೆಚ್ಚುಕಡಿಮೆ 50 ದಿನಕ್ಕೆ ಮರಿ ಹೊರಬರುತ್ತವೆ. ಬೆಳಕು ಜಾಸ್ತಿ ಇರುವ ಕಡೆ ಸಮುದ್ರ ಇದೆ ಅಂತ ನಂಬಿ ಹೊರಡುತ್ತವೆ. ನಾವು ಟಾರ್ಚ್ ಹಾಕಿದರೆ ದಾರಿ ತಪ್ಪುತ್ತವೆ. ಅಲ್ಲಿ ಮಾಡಬೇಕಾದದ್ದು ಇಷ್ಟೇ, ದೀಪ ಆರಿಸಿ ದೂರ ನಿಲ್ಲುವುದು. ದಡಕ್ಕೆ ಬಂದು ಬಿದ್ದ ಜೆಲ್ಲಿ ಮೀನನ್ನಂತೂ, ಸತ್ತಿದೆ ಅಂದುಕೊಂಡೂ ಮುಟ್ಟಬೇಡಿ. ಸತ್ತ ಮೇಲೂ ಅದು ಕುಟುಕುತ್ತದೆ.

ಶಂಖ, ಚಿಪ್ಪು ಆರಿಸುವುದನ್ನೂ ನಾನು ಬಿಟ್ಟು ತುಂಬಾ ವರ್ಷ ಆಯಿತು. ಒಮ್ಮೆ ತಂಗಿಯ ಮಗ ಆರಿಸಿದ ಒಂದು ಚಿಪ್ಪನ್ನು ಟಿಫಿನ್ ಡಬ್ಬಿಯಲ್ಲಿ ಹಾಕಿಕೊಂಡು ಬಂದೆವು. ಶಿವಮೊಗ್ಗ ಬಸ್ ನಿಲ್ದಾಣದಲ್ಲಿ ಡಬ್ಬಿ ತೆರೆದರೆ ಚಿಪ್ಪು ನಡೆಯುತ್ತಿತ್ತು. ಖಾಲಿ ಚಿಪ್ಪಿನಲ್ಲಿ ಮನೆ ಮಾಡಿಕೊಳ್ಳುವ ಸನ್ಯಾಸಿ ಏಡಿ ಅದು. ಅದರ ಹಿಂಭಾಗ ಮೆತ್ತಗಿರುತ್ತದೆ, ಚಿಪ್ಪಿಲ್ಲದೆ ಬದುಕಲ್ಲ. ಕರವಸ್ತ್ರ ಒದ್ದೆ ಮಾಡಿ ಹೊದಿಸಿದೆವು. ದಾವಣಗೆರೆ ಬರುವಷ್ಟರಲ್ಲಿ ಸತ್ತಿತ್ತು. ಹುಡುಗ ಆ ರಾತ್ರಿ ಊಟ ಮಾಡಲಿಲ್ಲ.

ಇನ್ನು ನೀರುನಾಯಿ. ಅದಕ್ಕೆ ಸಮುದ್ರಕ್ಕೇ ಹೋಗಬೇಕು ಅಂತಿಲ್ಲ. ಕಾಂಡ್ಲಾ ಕಾಡಿನಲ್ಲೂ ಇರುವ ನೀರುನಾಯಿ ನಮ್ಮ ತುಂಗಭದ್ರೆಯಲ್ಲೂ ಇದೆ. ಕೆಳಗೆ ಕೊಪ್ಪಳ, ಬಳ್ಳಾರಿ ಕಡೆ 2015ರಲ್ಲಿ ನದಿಯ ಒಂದು ಭಾಗವನ್ನೇ ಅವಕ್ಕಾಗಿ ಕಾಯ್ದಿಟ್ಟಿದ್ದಾರೆ. ಹರಿಹರದಿಂದ ಸ್ವಲ್ಪ ಆಚೆ, ಬಂಡೆಗಳಿರುವ ಒಂದು ಜಾಗದಲ್ಲಿ ನಾನು ಐದನ್ನು ಒಟ್ಟಿಗೆ ನೋಡಿದ್ದೇನೆ. ಜಾಗದ ಹೆಸರು ಬೇಕಂತಲೇ ಬರೆಯುತ್ತಿಲ್ಲ. ಅವುಗಳಲ್ಲಿ ಒಂದು, ಹಿಂಗಾಲುಗಳ ಮೇಲೆ ಎದ್ದು ನಿಂತು, ಕತ್ತು ಉದ್ದ ಮಾಡಿ ನನ್ನನ್ನು ನೋಡಿ, ಸಿಳ್ಳೆ ಹಾಕಿತು. ಉಳಿದ ನಾಲ್ಕೂ ಬಂದು ಸಾಲಾಗಿ ನಿಂತು ನೋಡಿದವು. ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಪಕ್ಕದ ಮನೆಯ ಹುಡುಗಿ ಈ ಡಿಸೆಂಬರ್‌ನಲ್ಲಿ ನಮ್ಮ ಜೊತೆ ಹೊನ್ನಾವರಕ್ಕೆ ಬರುತ್ತಾಳೆ. ಏಡಿಗೆ ಹಾಕೋಕೆ ಮಂಡಕ್ಕಿ ತರ್ಲಾ ಅಂತ ನಿನ್ನೆ ಕೇಳಿದಳು. ತಗೊಂಡು ಬಾ, ಬಸ್ಸಿನಲ್ಲಿ ನಾವು ತಿನ್ನೋಣ ಅಂದೆ.