ಮಳೆ ಬಿಟ್ಟ ಮೇಲಿನ ಹಿತ್ತಲು

ಮಳೆ ಬಿಟ್ಟಿದೆ, ಹಿಂಗಾರಿನ ತರಕಾರಿಗೆ ಇದೇ ಹದ. ಮೂಲಂಗಿ, ಮೆಂತ್ಯ, ಕೊತ್ತಂಬರಿ ಬಿತ್ತಿದೆ. ಕೊತ್ತಂಬರಿಯನ್ನು ಉಜ್ಜಿ ಎರಡು ಹೋಳು ಮಾಡಿ ಹಾಕಿದರೆ ಬೇಗ ಮೊಳೆಯುತ್ತದೆ. ಮೂಲಂಗಿಯನ್ನು ಮಾತ್ರ ನೇರ ಮಡಿಗೇ ಬಿತ್ತಬೇಕು, ಕಿತ್ತು ನೆಟ್ಟರೆ ಗಡ್ಡೆ ಸೊಟ್ಟಗಾಗುತ್ತದೆ.

ಮಣ್ಣಿಗೆ ಹಳೇ ಕೊಟ್ಟಿಗೆ ಗೊಬ್ಬರ, ಒಂದಿಷ್ಟು ಬೇವಿನ ಹಿಂಡಿ. ಜೊತೆಗೆ ಜೀವಾಮೃತ: 20 ಲೀಟರ್ ನೀರಿಗೆ 1 ಕೆಜಿ ಸಗಣಿ, 1 ಲೀಟರ್ ಗಂಜಲ, 200 ಗ್ರಾಂ ಬೆಲ್ಲ, ಅಷ್ಟೇ ಕಡಲೆಹಿಟ್ಟು, ಒಂದು ಹಿಡಿ ಮಣ್ಣು. ಎರಡು ದಿನ ನೆರಳಲ್ಲಿಟ್ಟು ಆಗಾಗ ತಿರುಗಿಸಬೇಕು. ಮನೆಯವರು ಮೂಗು ಮುಚ್ಚಿಕೊಂಡೇ ಓಡಾಡುತ್ತಿದ್ದಾರೆ, ಇರಲಿ ಬಿಡಿ!

ಅಂಗಡಿಯಲ್ಲಿ ಸಿಗುವ ಒಂದು ಕಟ್ಟು ಮೆಂತ್ಯಕ್ಕೆ ಇಷ್ಟೆಲ್ಲ ಯಾಕೆ? ಲೆಕ್ಕ ಹಾಕಿದರೆ ನಷ್ಟವೇ. ಆದರೆ ಸಿನಿಮಾ ನೋಡುವಾಗ ಯಾರೂ ಲಾಭ ಕೇಳುವುದಿಲ್ಲ, ಅಲ್ವಾ?

ಬದನೆ ಸಸಿ ಜಾಸ್ತಿ ಉಳಿದಿವೆ. ಬೇಕಾದವರು ಬಂದು ಒಯ್ಯಿರಿ.