ಲಾರಿ ಗ್ಯಾರೇಜಿನಲ್ಲಿ ಎರಡು ಫೆರಾರಿ
ನಮ್ಮ ಪಿ.ಬಿ. ರಸ್ತೆಯಲ್ಲಿ ಫೆರಾರಿ ಎಫ್40 ಬರುತ್ತೆ ಅಂತ ಕಾದರೆ ಜನ್ಮವೇ ಕಳೆದೀತು. ನನ್ನ ಹತ್ತಿರ ಇರುವುದು ಅದರ 1:18 ಅಳತೆಯ ಮಾಡೆಲ್. ಜೊತೆಗೆ ಅದೇ ಅಳತೆಯ ಲಾಫೆರಾರಿ, ಅದೇ ಕಂಪನಿಯ ಇನ್ನೊಂದು ಕಾರು. ಹೋದ ಭಾನುವಾರ ಎರಡನ್ನೂ ಚಿಕ್ಕಪ್ಪನಿಗೆ ತೋರಿಸೋಣ ಅಂತ ಅವರ ಗ್ಯಾರೇಜಿಗೆ ತೆಗೆದುಕೊಂಡು ಹೋದೆ. ಚಿಕ್ಕಪ್ಪ ದಾವಣಗೆರೆಯಲ್ಲಿ ಲಾರಿ ಮೆಕ್ಯಾನಿಕ್. ಕಾರು ಅಂದರೆ ಅಷ್ಟಕ್ಕಷ್ಟೇ.

ಕೈ ಒರೆಸಿಕೊಂಡು ಮೊದಲು ಎತ್ತಿದ್ದು ಎಫ್40ಯನ್ನು. ಅದರ ಹಿಂದಿನ ಬಾಡಿ ಪೂರ್ತಿ ಮೇಲೇಳುತ್ತದೆ, ಇಂಜಿನ್ ಎದುರಿಗೇ ಕಾಣುತ್ತದೆ. 2.9 ಲೀಟರಿನ ವಿ8 (ಎಂಟು ಸಿಲಿಂಡರ್), ಎರಡು ಟರ್ಬೊ, 478 ಹಾರ್ಸ್‌ಪವರ್.

"ಟರ್ಬೊನಾ? ಹಂಗಾದ್ರೆ ಮೊದ್ಲು ಸತ್ತಂಗಿರ್ತದೆ, ಆಮೇಲೆ ಒದೀತದೆ" ಅಂದರು.

ಓಡಿಸಿದವರೂ ಹೇಳೋದು ಅದನ್ನೇ! ಟರ್ಬೊ ಅಂದರೆ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಪಂಪು. ಇಂಜಿನ್ನಿನಿಂದ ಹೊರಬೀಳುವ ಹೊಗೆಯೇ ಅದರ ಚಕ್ರವನ್ನು ತಿರುಗಿಸಬೇಕು. ಆರ್‌ಪಿಎಂ, ಅಂದರೆ ಇಂಜಿನ್ ತಿರುಗುವ ವೇಗ, ಏರುವ ತನಕ ಜೋರಿಲ್ಲ, ಏರಿದ ಮೇಲೆ ಒಮ್ಮೆಲೇ ನುಗ್ಗುತ್ತದೆ. ಅಂಥ ಗಾಡಿಗೆ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲ, ಪವರ್ ಸ್ಟೀರಿಂಗ್ ಇಲ್ಲ. ಒಳಗೆ ಕಾರ್ಪೆಟ್ ಇಲ್ಲ, ಬಾಗಿಲು ತೆಗೆಯೋಕೆ ಹಿಡಿಕೆಯ ಬದಲು ಎಳೆಯುವ ಒಂದು ಕೇಬಲ್. ತೂಕ ಉಳಿಸೋಕೆ ಪೇಂಟನ್ನೂ ತೆಳ್ಳಗೆ ಬಳಿದಿದ್ದಾರೆ, ಕಾರ್ಬನ್ ಫೈಬರಿನ ನೇಯ್ಗೆ ಕಾಣುವಷ್ಟು. 1987ರಲ್ಲಿ ಕಂಪನಿಯ 40ನೇ ವರ್ಷಕ್ಕೆ ಬಂದ ಕಾರು ಇದು. ಕಂಪನಿ ಕಟ್ಟಿದ ಎಂಜೊ ಫೆರಾರಿ ಒಪ್ಪಿಗೆ ಕೊಟ್ಟ ಕೊನೆಯ ಕಾರೂ ಇದೇ. ಮರುವರ್ಷ ಅವರು ತೀರಿಕೊಂಡರು.

ಲಾಫೆರಾರಿ 2013ರದ್ದು. 6.3 ಲೀಟರಿನ ವಿ12 ಇಂಜಿನ್ನಿಗೆ ಎಲೆಕ್ಟ್ರಿಕ್ ಮೋಟಾರ್ ಸೇರಿ 963 ಹಾರ್ಸ್‌ಪವರ್. ಎಫ್40ಯ ಎರಡರಷ್ಟು! ಇದಕ್ಕೆ ಟರ್ಬೊ ಇಲ್ಲ. ಕಡಿಮೆ ಆರ್‌ಪಿಎಂನಲ್ಲಿ ಮೋಟಾರ್ ತಳ್ಳುತ್ತದೆ, ಮೇಲೆ ಹೋದಂತೆ ಇಂಜಿನ್ ಎಳೆದುಕೊಳ್ಳುತ್ತದೆ. ಬ್ರೇಕ್ ಒತ್ತಿದಾಗ ಬ್ಯಾಟರಿ ಚಾರ್ಜ್ ಆಗುತ್ತದೆ. ಸೀಟು ಮಾತ್ರ ಅಲ್ಲಾಡುವುದಿಲ್ಲ. ನಮ್ಮ ಕಾಲಿಗೆ ತಕ್ಕಂತೆ ಪೆಡಲ್ ಮತ್ತು ಸ್ಟೀರಿಂಗನ್ನೇ ಹಿಂದೆ ಮುಂದೆ ಮಾಡಿಕೊಳ್ಳಬೇಕು. ಇದನ್ನು ಕೇಳಿ ಚಿಕ್ಕಪ್ಪ ನಕ್ಕಿದ್ದೇ ನಕ್ಕಿದ್ದು.

ಹೊಸದೇ ಅಪರೂಪದ್ದು ಅನ್ನೋದು ಇಲ್ಲಿನ ತಮಾಷೆ. ಎಫ್40 ಮೊದಲು 400ರಷ್ಟೇ ಅಂದುಕೊಂಡಿದ್ದರು, ಬೇಡಿಕೆ ಜಾಸ್ತಿಯಾಗಿ 1,300 ದಾಟಿತು. ಲಾಫೆರಾರಿ ಕೂಪೆ (ಚಾವಣಿ ಮುಚ್ಚಿದ ಮಾದರಿ) 499ಕ್ಕೆ ನಿಂತಿತು. ಆಮೇಲೆ ಇಟಲಿಯ ಭೂಕಂಪ ಸಂತ್ರಸ್ತರಿಗಾಗಿ ಇನ್ನೊಂದು ಮಾಡಿ, 2016ರಲ್ಲಿ 70 ಲಕ್ಷ ಡಾಲರಿಗೆ ಹರಾಜು ಹಾಕಿದರು. ದುಡ್ಡಿದ್ದರೆ ಸಾಲದು, ಯಾರಿಗೆ ಮಾರಬೇಕು ಅಂತ ಕಂಪನಿಯೇ ಆರಿಸುತ್ತಿತ್ತು. ನನಗೆ ಈ ಜಂಬ ಹಿಡಿಸಲಿಲ್ಲ, ಆ ಮಾತು ಬೇರೆ.

ಹುಡುಗ ಮಂಡಕ್ಕಿ-ಮೆಣಸಿನಕಾಯಿ ತಂದ. ತಿನ್ನುತ್ತಾ ಚಿಕ್ಕಪ್ಪ ಕೇಳಿದರು, "ಬ್ಯಾಟರಿ ಹೋದ್ರೆ?"

"ಕಂಪನಿಗೇ ಕೊಡಬೇಕು."

"ಹಂಗಾದ್ರೆ ಇದು ನಿಂದಲ್ಲ ಬಿಡು. ಆ ಹಳೇದನ್ನ ಕೊಟ್ರೆ ನಾನೇ ಬಿಚ್ತೀನಿ."

ಅದಕ್ಕೂ ಖರ್ಚಿದೆ ಅಂದೆ. ಎಫ್40ಯ ಪೆಟ್ರೋಲ್ ಟ್ಯಾಂಕಿನೊಳಗೆ ರಬ್ಬರ್ ಚೀಲವಿದೆ. ವರ್ಷಗಳು ಕಳೆದಂತೆ ಅದು ಹಾಳಾಗುತ್ತದೆ, ಬದಲಾಯಿಸಲೇಬೇಕು.

"ರಬ್ಬರ್ ತಾನೇ? ಅದೇನು ದೊಡ್ಡ ಕೆಲಸ" ಅಂದುಬಿಟ್ಟರು.

ಇಟ್ಟುಕೊಳ್ಳೋಕೆ ಆದರೆ ನನ್ನ ಓಟೂ ಎಫ್40ಗೇ. ಓಡಿಸು ಅಂದರೆ ಮಾತ್ರ ಸುಮ್ನೆ ಲಾಫೆರಾರಿಯ ಕೀ ಕೇಳುತ್ತೇನೆ. ಮಳೆಗಾಲದ ಹೈವೇಯಲ್ಲಿ, ಎಬಿಎಸ್ ಇಲ್ಲದ ಗಾಡಿಯಲ್ಲಿ ಟರ್ಬೊ ಯಾವಾಗ ಒದೆಯುತ್ತೋ ಅಂತ ಕಾಯುವ ಧೈರ್ಯ ನನಗಿಲ್ಲ. ಚಿಕ್ಕಪ್ಪ ಇದನ್ನು ಇನ್ನೂ ಒಪ್ಪಿಲ್ಲ.