ಮೀನು ಹಿಡಿಯಲು ಯಾವ ಕಡಲತೀರಕ್ಕೆ ಹೋಗಬೇಕು? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ನನಗೆ ಗಾಳದ ಹುಚ್ಚಿದೆ ಎಂದು ತಿಳಿದ ಕೂಡಲೇ ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆ: ದಡದಲ್ಲಿ ನಿಂತು ಮೀನು ಹಿಡಿಯುವುದಕ್ಕೆಂದೇ ಪ್ರವಾಸ ಹೊರಟರೆ ಜಗತ್ತಿನ ಯಾವ ಕಡಲತೀರಕ್ಕೆ ಹೋಗಬೇಕು? ಕೇಳುವ ಹೊತ್ತಿಗೆ ಅವರ ಮನಸ್ಸಿನಲ್ಲಿ ಎರಡು ಮೂರು ಹೆಸರುಗಳು ಆಗಲೇ ಕುಳಿತಿರುತ್ತವೆ. ಬಿಳಿ ಮರಳು, ತಿಳಿನೀಲಿ ನೀರು, ಕಡಲಿನತ್ತ ಬಾಗಿದ ತೆಂಗಿನ ಮರಗಳಿರುವ ಚಿತ್ರಗಳನ್ನು ನೋಡಿ ಆರಿಸಿಕೊಂಡ ಜಾಗಗಳವು. ನನ್ನ ಉತ್ತರ ಮಾತ್ರ ಯಾವ ಊರಿನ ಹೆಸರಿನಿಂದಲೂ ಶುರುವಾಗುವುದಿಲ್ಲ. ಮೊದಲು ಯಾವ ಮೀನು ಬೇಕೆಂಬುದನ್ನು ಗೊತ್ತುಮಾಡಿಕೊಳ್ಳಿ, ಆಮೇಲೆ ಆ ಮೀನು ದಡದ ಸಮೀಪಕ್ಕೆ ಬರುವ ತಿಂಗಳನ್ನು ಹುಡುಕಿ, ತೀರವನ್ನು ಕೊನೆಗೆ ಆರಿಸಿ ಎನ್ನುತ್ತೇನೆ. ಈ ಕ್ರಮವನ್ನು ತಿರುಗುಮುರುಗು ಮಾಡಿದವರು ಎಷ್ಟೇ ಖರ್ಚು ಮಾಡಿದರೂ ಬಹಳ ಸಲ ಬರಿಗೈಯಲ್ಲಿ ಮರಳುತ್ತಾರೆ.

ಈಜಿಗೆ ಒಳ್ಳೆಯದಾದ ತೀರವೇ ಗಾಳಕ್ಕೂ ಒಳ್ಳೆಯದಾಗಿರುವುದು ಅಪರೂಪ. ಉಷ್ಣವಲಯದ ಕಡಲು ಅಷ್ಟು ತಿಳಿಯಾಗಿ ಕಾಣುವುದು ಅದರಲ್ಲಿ ಪ್ಲಾಂಕ್ಟನ್, ಎಂದರೆ ನೀರಿನಲ್ಲಿ ತೇಲುವ ಅತಿ ಸಣ್ಣ ಜೀವಿಗಳು, ಕಡಿಮೆ ಇರುವುದರಿಂದ. ಪ್ಲಾಂಕ್ಟನ್ ಕಡಿಮೆಯಾದರೆ ಅದನ್ನು ತಿನ್ನುವ ಸಣ್ಣ ಮೀನೂ ಕಡಿಮೆ, ಸಣ್ಣ ಮೀನಿನ ಬೆನ್ನು ಹತ್ತಿ ಬರುವ ದೊಡ್ಡ ಮೀನೂ ಕಡಿಮೆ. ಇದಕ್ಕೆ ತೀರ ವಿರುದ್ಧವಾದದ್ದು ನಮೀಬಿಯಾದ ಸ್ಕೆಲಿಟನ್ ಕೋಸ್ಟ್. ಅಲ್ಲಿ ಮರುಭೂಮಿ ನೇರವಾಗಿ ಅಟ್ಲಾಂಟಿಕ್ ಸಾಗರಕ್ಕೆ ಇಳಿಯುತ್ತದೆ, ಮಂಜು ಆಗಾಗ ದಡವನ್ನು ಮುಚ್ಚಿಬಿಡುತ್ತದೆ, ನೀರಿಗಿಳಿದರೆ ಮೈ ಮರಗಟ್ಟುತ್ತದೆ. ಆದರೆ ದಕ್ಷಿಣದಿಂದ ಬೀಸುವ ಗಾಳಿ ಮೇಲಿನ ನೀರನ್ನು ದಡದಿಂದ ಆಚೆಗೆ ತಳ್ಳಿದಂತೆಲ್ಲ ಆಳದ ತಣ್ಣೀರು ಪೋಷಕಾಂಶಗಳನ್ನು ಹೊತ್ತು ಮೇಲಕ್ಕೆ ಉಕ್ಕುತ್ತದೆ. ಹೀಗಾಗಿ ಹುಲ್ಲು ಕಡ್ಡಿಯೂ ಬೆಳೆಯದ ಆ ದಡದ ಮುಂದಿನ ಕಡಲು, ಬೆಂಗ್ವೆಲಾ ಪ್ರವಾಹ ಹರಿಯುವ ಆ ಕಡಲು, ಜಗತ್ತಿನ ಅತಿ ಸಮೃದ್ಧ ಮೀನಿನ ನೆಲೆಗಳಲ್ಲೊಂದು. ಅಲ್ಲಿನ ಹೆಂಟೀಸ್ ಬೇ ಎಂಬ ಊರಿನ ಸುತ್ತಮುತ್ತ ಕಾಬ್, ಸ್ಟೀನ್‌ಬ್ರಾಸ್ ಮೀನುಗಳನ್ನು ಮರಳಿನ ಮೇಲೆ ನಿಂತೇ ಹಿಡಿಯುತ್ತಾರೆ. ಅಲ್ಲಿನ ಬೇಸಿಗೆಯಲ್ಲಿ, ಎಂದರೆ ನವೆಂಬರ್‌ನಿಂದ ಮಾರ್ಚ್‌ವರೆಗೆ, 100 ಕಿಲೋ ದಾಟುವ ಕಾಪರ್ ಶಾರ್ಕ್‌ಗಳೂ ಗಾಳಕ್ಕೆ ಬೀಳುತ್ತವೆ. ನೋಟಕ್ಕೆ ಇಷ್ಟು ಬೋಳಾದ ಈ ಜಾಗವನ್ನು ಚಿತ್ರ ನೋಡಿ ಆರಿಸುವವರು ಯಾರೂ ಇರಲಾರರು.

ತಿಂಗಳ ಮಾತನ್ನು ನಾನು ಒತ್ತಿ ಹೇಳುವುದೇಕೆಂದರೆ ದಡದಿಂದ ಸಿಗುವ ದೊಡ್ಡ ಮೀನುಗಳಲ್ಲಿ ಬಹುಪಾಲು ಅಲೆಮಾರಿಗಳು. ಬ್ಲೂಫಿಶ್ ಎಂಬ ಒಂದೇ ಜಾತಿಯನ್ನು ನೋಡಿ. ಹರಿತವಾದ ಹಲ್ಲುಗಳಿರುವ, ಗುಂಪುಕಟ್ಟಿ ಬೇಟೆಯಾಡುವ ಈ ಮೀನು ಆಸ್ಟ್ರೇಲಿಯಾದಲ್ಲಿ ಟೈಲರ್ ಎಂದೂ ದಕ್ಷಿಣ ಆಫ್ರಿಕಾದಲ್ಲಿ ಶ್ಯಾಡ್ ಅಥವಾ ಎಲ್ಫ್ ಎಂದೂ ಕರೆಸಿಕೊಳ್ಳುತ್ತದೆ. ಅಮೆರಿಕದ ಪೂರ್ವ ಕರಾವಳಿಯಲ್ಲಿ ನೀರು ತಣ್ಣಗಾಗುತ್ತ ಬಂದಂತೆ ಅದು ದಕ್ಷಿಣಕ್ಕೆ ಹೊರಡುತ್ತದೆ. ಮ್ಯಾಸಚೂಸೆಟ್ಸ್‌ನಿಂದ ನಾರ್ತ್ ಕ್ಯಾರೊಲಿನಾವರೆಗಿನ ತೀರಗಳಿಗೆ ಶರತ್ಕಾಲವೇ ಅದರ ಕಾಲ. ದಕ್ಷಿಣ ಆಫ್ರಿಕಾದಲ್ಲಿ ಜೂನ್, ಜುಲೈ ತಿಂಗಳುಗಳಲ್ಲಿ ಸಾರ್ಡೀನ್ ಮೀನಿನ ದಂಡು ತಣ್ಣೀರಿನ ಪಟ್ಟಿಯೊಂದನ್ನು ಹಿಡಿದು ಕ್ವಾಝುಲು-ನಟಾಲ್ ಕರಾವಳಿಯುದ್ದಕ್ಕೂ ಸಾಗುವಾಗ ಶ್ಯಾಡ್ ಅದರ ಹಿಂದೆಯೇ ಬರುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಟೈಲರ್ ಚಳಿಗಾಲದಲ್ಲಿ ಉತ್ತರಕ್ಕೆ ಸಾಗಿ ಕ್ಗಾರಿ ದ್ವೀಪದ ಬಳಿ ಮೊಟ್ಟೆಯಿಡಲು ಸೇರುತ್ತದೆ. ಅಲ್ಲಿ ಅದಕ್ಕಾಗಿ ಜನ ನೆರೆಯುವುದು ಜುಲೈನಿಂದ ಸೆಪ್ಟೆಂಬರ್‌ವರೆಗೆ. 2023ರವರೆಗೆ ಫ್ರೇಸರ್ ದ್ವೀಪ ಎಂಬ ಹೆಸರಿದ್ದ, 1992ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಈ ಕ್ಗಾರಿ ಜಗತ್ತಿನ ಅತಿ ದೊಡ್ಡ ಮರಳಿನ ದ್ವೀಪ. ಜನವರಿಯಲ್ಲಿ ಅದೇ ದಡಕ್ಕೆ ಹೋದವರಿಗೆ ಅದೇ ಮರಳು, ಅದೇ ಅಲೆ ಸಿಗುತ್ತದೆ. ಟೈಲರ್‌ಗಳ ಆ ಗುಂಪುಗಳು ಮಾತ್ರ ಇರುವುದಿಲ್ಲ.

ತಿಂಗಳು ಗೊತ್ತಾದ ಮೇಲೆ ವಾರವನ್ನು ಚಂದ್ರನ ಲೆಕ್ಕದಲ್ಲಿ ಆರಿಸಬೇಕು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು. ಅಷ್ಟಮಿಯ ಹೊತ್ತಿಗೆ ಎರಡೂ ಸಣ್ಣವಾಗುತ್ತವೆ. ದಿನಕ್ಕೆ ಎರಡು ಸಲ ಉಬ್ಬರ ಬರುವ ಕರಾವಳಿಗಳಲ್ಲಿ ಒಂದು ಉಬ್ಬರಕ್ಕೂ ಮುಂದಿನದಕ್ಕೂ ಸುಮಾರು 12 ಗಂಟೆ 25 ನಿಮಿಷ ಅಂತರವಿರುವುದರಿಂದ ಅದರ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ದಡದ ಮೀನು ಹೆಚ್ಚಾಗಿ ಮೇಯುವುದು ನೀರು ಏರುವಾಗ, ಅದರಲ್ಲೂ ಮುಂಜಾನೆ ಮತ್ತು ಮುಸ್ಸಂಜೆಯ ಮಬ್ಬಿನಲ್ಲಿ. ಇವೆರಡೂ ಕೂಡಿಬರುವ ದಿನಗಳು ಯಾವುವು ಎಂಬುದನ್ನು ಆ ಊರಿನ ಉಬ್ಬರವಿಳಿತದ ವೇಳಾಪಟ್ಟಿ ತಿಂಗಳುಗಳ ಮೊದಲೇ ಹೇಳಿಬಿಡುತ್ತದೆ. ವಿಮಾನದ ಟಿಕೆಟ್ ಕೊಳ್ಳುವ ಮೊದಲು ಆ ಪಟ್ಟಿಯನ್ನು ನೋಡುವುದಕ್ಕೆ ಹತ್ತು ನಿಮಿಷ ಸಾಕು, ಆದರೂ ಹೆಚ್ಚಿನವರು ನೋಡುವುದಿಲ್ಲ. ಮೆಡಿಟರೇನಿಯನ್ ಸಮುದ್ರದಂತಹ ಕಡೆ ಉಬ್ಬರವೇ ಅತ್ಯಲ್ಪವಾದ್ದರಿಂದ ಈ ಲೆಕ್ಕಕ್ಕಿಂತ ಗಾಳಿ ಮತ್ತು ರಾತ್ರಿಯ ಹೊತ್ತು ಮುಖ್ಯವಾಗುತ್ತವೆ.

ಇಷ್ಟಾದ ಮೇಲೆ ತೀರದ ಮಾತು. ಒಂದು ಮರಳತೀರ ಒಳ್ಳೆಯದೋ ಅಲ್ಲವೋ ಎಂಬುದನ್ನು ತಿಳಿಯಬೇಕಾದರೆ ಪೂರ್ತಿ ಇಳಿತದ ಹೊತ್ತಿನಲ್ಲಿ, ಗಾಳದ ಕೋಲನ್ನು ಕೋಣೆಯಲ್ಲೇ ಬಿಟ್ಟು, ಉದ್ದಕ್ಕೂ ನಡೆದು ನೋಡಬೇಕು. ಸ್ವಲ್ಪ ದೂರದಲ್ಲಿ ಅಲೆಗಳು ಒಂದೇ ಗೆರೆಯಲ್ಲಿ ಬಿಳಿಯಾಗಿ ಒಡೆಯುತ್ತಿದ್ದರೆ ಅಲ್ಲಿ ನೀರಿನಡಿ ಮರಳಿನ ದಿಬ್ಬವಿದೆ. ಆ ದಿಬ್ಬಕ್ಕೂ ದಡಕ್ಕೂ ನಡುವೆ ನೀರು ಕಪ್ಪಾಗಿ, ಒಡೆಯದೆ, ಸುಮ್ಮನೆ ಏರಿಳಿಯುತ್ತಿದ್ದರೆ ಅದು ದಡಕ್ಕೆ ಸಮಾನಾಂತರವಾಗಿ ಕೊರೆದ ಕಾಲುವೆ. ದಿಬ್ಬದ ಬಿಳಿ ಗೆರೆ ಎಲ್ಲಾದರೂ ತುಂಡಾಗಿದ್ದರೆ ಅದು ಬಾಗಿಲು. ಕಾಲುವೆಯ ನೀರು ಅಲ್ಲಿಂದಲೇ ಹೊರಗೆ ಹರಿಯುತ್ತದೆ, ಉಬ್ಬರ ಏರತೊಡಗಿದಾಗ ಮೀನು ಅಲ್ಲಿಂದಲೇ ಒಳಗೆ ಬರುತ್ತದೆ. ಅಲೆಯ ಹೊಡೆತಕ್ಕೆ ಮರಳಿನಿಂದ ಎದ್ದ ಹುಳು, ಏಡಿ, ಚಿಪ್ಪಿನ ಜೀವಿಗಳೆಲ್ಲ ಕಾಲುವೆಯ ತಳಕ್ಕೆ ಬಂದು ಬೀಳುವುದರಿಂದ ಮೀನು ಅದರ ಅಂಚನ್ನು ಹಿಡಿದು ಸಾಗುತ್ತ ಮೇಯುತ್ತದೆ. ಉಬ್ಬರದಲ್ಲಿ ಇದೆಲ್ಲ ಮುಚ್ಚಿಹೋಗುತ್ತದೆ. ಆದ್ದರಿಂದ ಬಾಗಿಲಿನ ನೇರಕ್ಕೆ ದಡದ ಮೇಲಿರುವ ಒಂದು ಕಂಬವನ್ನೋ ಮರಳುಗುಡ್ಡದ ತುದಿಯನ್ನೋ ಗುರುತಿಟ್ಟುಕೊಳ್ಳಬೇಕು. ಹೊಸಬರು ಎದೆಯಾಳಕ್ಕಿಳಿದು, ಇದ್ದ ಬಲವನ್ನೆಲ್ಲ ಹಾಕಿ, ಎಸೆಯಬಹುದಾದಷ್ಟು ದೂರಕ್ಕೆ ಎಸೆಯುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ, ಏಕೆಂದರೆ ಅವರು ಬಯಸಿ ಬಂದ ಮೀನು ಬಹಳ ಸಲ ಅವರು ನಿಂತ ಜಾಗದಲ್ಲೇ ಮೇಯಬೇಕಾಗಿತ್ತು.

ಈ ಓದನ್ನು ಮನೆಯಲ್ಲೇ ಕುಳಿತು ಅರ್ಧ ಮುಗಿಸಲು ಇಂದು ಉಪಗ್ರಹ ಚಿತ್ರಗಳಿವೆ. ಕಾಲುವೆ, ದಿಬ್ಬ, ಬಾಗಿಲು ಮೂರೂ ಅವುಗಳಲ್ಲಿ ಬಣ್ಣದ ವ್ಯತ್ಯಾಸವಾಗಿ ಕಾಣುತ್ತವೆ. ಬಿರುಗಾಳಿಯೊಂದು ಬಂದುಹೋದರೆ ಮರಳು ಜಾಗ ಬದಲಿಸುವುದರಿಂದ ಬೇರೆ ಬೇರೆ ದಿನಾಂಕದ ಚಿತ್ರಗಳನ್ನು ಹೋಲಿಸಬೇಕು. ಎಲ್ಲ ಚಿತ್ರಗಳಲ್ಲೂ ಬದಲಾಗದೆ ಇರುವುದು ಅಳಿವೆ, ಭೂಶಿರ, ಬಂಡೆಯ ಸಾಲು. ಅಂತಹ ಒಂದೆರಡು ಗಟ್ಟಿ ನೆಲೆಗಳಿರುವ ಉದ್ದನೆಯ, ತೆರೆದ ತೀರವನ್ನು ನಾನು ಯಾವಾಗಲೂ ಮುಂದಿಡುತ್ತೇನೆ.

ಎಲ್ಲ ತೀರಗಳೂ ಮರಳಿನವಲ್ಲ. ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿರುವ ಚೆಸಿಲ್ ಬೀಚ್ ಸುಮಾರು 29 ಕಿಲೋಮೀಟರ್ ಉದ್ದದ ಬೆಣಚುಕಲ್ಲಿನ ದಂಡೆ. ಪಶ್ಚಿಮದ ತುದಿಯಲ್ಲಿ ಬಟಾಣಿಯಷ್ಟಿರುವ ಕಲ್ಲು ಪೋರ್ಟ್‌ಲ್ಯಾಂಡ್ ಕಡೆಗೆ ಹೋದಂತೆ ಮುಷ್ಟಿಯಷ್ಟಾಗುತ್ತದೆ. ಅಲ್ಲಿ ದಡ ಕಡಿದಾಗಿ ಇಳಿದು ಆಳವು ಹತ್ತಿರದಲ್ಲೇ ಸಿಗುವುದರಿಂದ ಮರಳತೀರದ ಕಾಲುವೆ, ಬಾಗಿಲುಗಳ ಲೆಕ್ಕ ನಡೆಯುವುದಿಲ್ಲ.

ಹವಳದ ನಾಡಿನ ತಗ್ಗುನೀರಿನ ಬಯಲುಗಳು ಇನ್ನೂ ಬೇರೆ. ಕಿರಿಬಾಟಿ ದೇಶದ ಕ್ರಿಸ್‌ಮಸ್ ದ್ವೀಪ, ಬಹಾಮಾಸ್‌ನ ಆಂಡ್ರೋಸ್, ಬೆಲೀಜ್ ಮುಂತಾದ ಕಡೆ ಮೊಣಕಾಲುದ್ದ ನೀರಿನಲ್ಲಿ ನಡೆಯುತ್ತ, ಉಬ್ಬರದೊಂದಿಗೆ ಏಡಿ, ಸೀಗಡಿ ಮೇಯಲು ಬರುವ ಬೋನ್‌ಫಿಶ್ ಮೀನನ್ನು ಕಣ್ಣಲ್ಲಿ ಕಂಡೇ ಗಾಳ ಎಸೆಯಬೇಕು. ತಿಳಿನೀರಿನ ಬಗ್ಗೆ ಮೇಲೆ ಹೇಳಿದ ಮಾತಿಗೆ ಇದೊಂದು ದೊಡ್ಡ ಹೊರತು. ಆದರೆ ಇದು ಕೋಲನ್ನು ಮರಳಿಗೆ ನೆಟ್ಟು ಕಾಯುವ ಆಟವಲ್ಲ. ಬಿಸಿಲು ಚೆನ್ನಾಗಿರಬೇಕು, ನೀರಿನ ಮೇಲಿನ ಹೊಳಪನ್ನು ತಡೆಯುವ ಪೋಲರಾಯ್ಡ್ ಕನ್ನಡಕ ಬೇಕು, ಜಾಗ ಬಲ್ಲ ಮಾರ್ಗದರ್ಶಿ ಬೇಕು. ಮೋಡ ಕವಿದ ದಿನ ಮೀನು ಎದುರಿಗಿದ್ದರೂ ಕಾಣುವುದೇ ಕಷ್ಟ.

ಕಾನೂನನ್ನು ನಾನು ಆಯ್ಕೆಯ ಭಾಗವಾಗಿಯೇ ನೋಡುತ್ತೇನೆ. ನ್ಯೂಜಿಲೆಂಡ್‌ನಲ್ಲಿ ಹವ್ಯಾಸಕ್ಕೆ ಕಡಲಲ್ಲಿ ಮೀನು ಹಿಡಿಯಲು ಪರವಾನಗಿ ಬೇಡ, ಆದರೆ ಅಳತೆ ಮತ್ತು ಸಂಖ್ಯೆಯ ಮಿತಿಗಳು ಕಟ್ಟುನಿಟ್ಟು. ಬೆಲೀಜ್‌ನಲ್ಲಿ 2009ರಿಂದ ಬೋನ್‌ಫಿಶ್, ಟಾರ್ಪನ್, ಪರ್ಮಿಟ್ ಎಂಬ ಈ ಮೂರು ಜಾತಿಯ ಮೀನುಗಳನ್ನೂ ಹಿಡಿದರೆ ಬಿಡಲೇಬೇಕು. ಫ್ಲಾರಿಡಾದಲ್ಲಿ ದಡದಿಂದ ಶಾರ್ಕ್ ಹಿಡಿಯುವವರಿಗೆ 2019ರಿಂದ ಪ್ರತ್ಯೇಕ ಅನುಮತಿ ಬೇಕು. ದಕ್ಷಿಣ ಆಫ್ರಿಕಾದಲ್ಲಿ ಅಕ್ಟೋಬರ್, ನವೆಂಬರ್ ಎರಡು ತಿಂಗಳು ಶ್ಯಾಡ್ ಹಿಡಿಯುವಂತಿಲ್ಲ. ಕ್ಗಾರಿಯಲ್ಲಂತೂ ಮೀನು ಅತಿ ಹೆಚ್ಚು ಸೇರುವ ಇಂಡಿಯನ್ ಹೆಡ್, ವಾಡಿ ಪಾಯಿಂಟ್ ನಡುವಿನ ಭಾಗವನ್ನು ಆಗಸ್ಟ್ 1ರಿಂದ ಸೆಪ್ಟೆಂಬರ್ 30ರವರೆಗೆ ಮುಚ್ಚುತ್ತಾರೆ. ಇದನ್ನು ಅಡ್ಡಿ ಎಂದುಕೊಳ್ಳುವವರಿದ್ದಾರೆ. ಆ ತೀರದ ಉಳಿದ ಭಾಗದಲ್ಲಿ ಇಂದಿಗೂ ಟೈಲರ್ ಸಿಗುವಂತೆ ಮಾಡಿರುವುದು ಇಂತಹ ನಿಯಮಗಳೇ ಎಂದು ನಾನು ನಂಬುತ್ತೇನೆ. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಹೊರಡುವ ಮೊದಲು ಆಯಾ ದೇಶದ ಮೀನುಗಾರಿಕೆ ಇಲಾಖೆಯ ಪ್ರಕಟಣೆಯನ್ನೇ ಓದಬೇಕು. ಬಳಸಿದ ಕೋಲು, ಬೂಟುಗಳನ್ನು ಒಯ್ಯುವವರು ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಇಳಿದ ಕೂಡಲೇ ಅವನ್ನು ಘೋಷಿಸಬೇಕು. ತೊಳೆದು, ಒಣಗಿಸಿ ಒಯ್ದರೆ ತಪಾಸಣೆ ಬೇಗ ಮುಗಿಯುತ್ತದೆ.

ಅಪಾಯಗಳ ಬಗ್ಗೆ ಎರಡು ಮಾತು. ಮೀನು ಬರುವ ಬಾಗಿಲೇ ಮನುಷ್ಯನನ್ನು ಕಡಲಿಗೆ ಎಳೆದೊಯ್ಯುವ ಸೆಳೆತದ ಜಾಗವೂ ಹೌದು. ಅದರ ಬಾಯಿಗೆ ಇಳಿಯದೆ ಪಕ್ಕದಲ್ಲಿ ನಿಲ್ಲಬೇಕು. ಆಸ್ಟ್ರೇಲಿಯಾದ ಉತ್ತರದ ತೀರಗಳಲ್ಲಿ ಉಪ್ಪುನೀರಿನ ಮೊಸಳೆಗಳಿರುವುದರಿಂದ ನೀರಂಚಿನಲ್ಲಿ ನಿಲ್ಲುವುದೂ ತಪ್ಪು. ಹವಳದ ದಿಬ್ಬಗಳ ದೊಡ್ಡ ಬ್ಯಾರಕುಡಾ, ಗ್ರೂಪರ್ ಮೀನುಗಳಲ್ಲಿ ಸಿಗ್ವಟೆರಾ ಎಂಬ ವಿಷವಿರಬಹುದು, ಬೇಯಿಸಿದರೂ ಅದು ಹೋಗುವುದಿಲ್ಲ. ಸ್ಥಳೀಯರು ತಿನ್ನದ ಮೀನನ್ನು ತಿನ್ನಬೇಡಿ.

ಇಷ್ಟು ಹೇಳಿದ ಮೇಲೂ, ಒಂದೇ ಒಂದು ಹೆಸರು ಹೇಳಿ ಎಂದು ಹಟ ಹಿಡಿಯುವವರಿಗೆ ನಾನು ಹೇಳುವುದು ಅಮೆರಿಕದ ನಾರ್ತ್ ಕ್ಯಾರೊಲಿನಾದ ಕೇಪ್ ಹ್ಯಾಟೆರಸ್, ಅಕ್ಟೋಬರ್ ಕೊನೆಯಿಂದ ನವೆಂಬರ್ ನಡುವಿನವರೆಗೆ. ಉತ್ತರದ ತಣ್ಣೀರೂ ಗಲ್ಫ್ ಸ್ಟ್ರೀಮ್‌ನ ಬೆಚ್ಚನೆಯ ನೀರೂ ಅದರ ಸಮೀಪದಲ್ಲಿ ಸಂಧಿಸುತ್ತವೆ. ದಡದ ದಿಬ್ಬ, ಕಾಲುವೆಗಳನ್ನು ಓದಲು ಕಲಿಯುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. 1984ರ ನವೆಂಬರ್ 7ರಂದು ಡೇವಿಡ್ ಡ್ಯೂಯೆಲ್ ಎಂಬವರು ಅಲ್ಲಿನ ಏವನ್‌ನಲ್ಲಿ ಹಿಡಿದ 94 ಪೌಂಡ್ 2 ಔನ್ಸ್, ಎಂದರೆ ಸುಮಾರು 42.7 ಕಿಲೋ ತೂಕದ ರೆಡ್ ಡ್ರಮ್ ಮೀನು ಆ ಜಾತಿಯ ವಿಶ್ವದಾಖಲೆ. ಈಗ ಅಲ್ಲಿ 27 ಇಂಚಿಗಿಂತ ಉದ್ದದ ರೆಡ್ ಡ್ರಮ್ ಇಟ್ಟುಕೊಳ್ಳುವಂತಿಲ್ಲ. ದವಡೆಯ ಮೂಲೆಗೆ ಮಾತ್ರ ಸಿಕ್ಕುವ ದುಂಡು ಗಾಳವನ್ನು ಬಳಸಿದರೆ ಮೀನಿಗೆ ಪೆಟ್ಟಾಗದಂತೆ ಬಿಡುವುದು ಸುಲಭ. ಮೀನಿನ ಪರವಾನಗಿ ಬೇರೆ, ಮರಳಿನ ಮೇಲೆ ವಾಹನ ಓಡಿಸುವ ಅನುಮತಿ ಬೇರೆ, ಎರಡನ್ನೂ ಮೊದಲೇ ಮಾಡಿಸಿಕೊಳ್ಳಬೇಕು. ಚಂಡಮಾರುತಗಳ ಕಾಲ ನವೆಂಬರ್ ಕೊನೆಯವರೆಗೂ ಇರುತ್ತದೆ, ದ್ವೀಪದ ಒಂದೇ ಹೆದ್ದಾರಿಯ ಮೇಲೆ ಕಡಲು ನುಗ್ಗುವುದೂ ಉಂಟು. ಅಲ್ಲದೆ ದೊಡ್ಡ ಡ್ರಮ್ ದಡಕ್ಕೆ ಹತ್ತಿರವಾಗುವುದು ಗಾಳಿಯೆದ್ದು ಕಡಲು ಕದಡಿದ ದಿನಗಳಲ್ಲೇ ಎನ್ನುತ್ತಾರೆ ಅಲ್ಲಿ ಗಾಳ ಹಾಕುವವರು. ಆದ್ದರಿಂದ ವಾರಾಂತ್ಯದ ಲೆಕ್ಕದಲ್ಲಿ ಹೋಗದೆ ಎಂಟು ಹತ್ತು ದಿನ ಇಟ್ಟುಕೊಂಡು, ಮರಳುವ ಟಿಕೆಟ್‌ನ ದಿನ ಬದಲಿಸಲು ಅವಕಾಶವಿರುವಂತೆ ನೋಡಿಕೊಂಡು ಹೊರಡಿ.